ಕೆಂಚನ ಜೊತೆ ಟೇಕಡಿ ಹತ್ತುವಾಗ

ತಮ್ಮಾ,

ನಿನ್ನ ನಾಯಿ ಕೆಂಚನನ್ನು ಕರೆದುಕೊಂಡು ಗುಡ್ಡ ಹತ್ತಲು ಶುರು ಮಾಡಿದ್ದೀಯ, ದಾರಿಯ ಕಸ ಆರಿಸಿ ತರಲು ಚೀಲವನ್ನೂ ಒಯ್ಯುತ್ತೀಯ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಕೇಳಿ ಬಹಳ ಸಂತೋಷವಾಯಿತು. ಈ ವಾರ ಸಿಂಹಗಡ, ಮುಂದಿನ ವಾರ ರಾಜಗಡ, ಆಮೇಲೆ ತೋರಣಾ ಎಂದು ಕೋಟೆಗಳ ಪಟ್ಟಿ ಮಾಡಿದ್ದೀಯಂತೆ. ಆ ಪಟ್ಟಿಯನ್ನು ಸದ್ಯ ಬದಿಗಿಡು. ಕಸ ಆರಿಸುವುದು ನಿಜವಾದ ಉದ್ದೇಶವಾದರೆ ಒಂದೇ ದಾರಿ ಹಿಡಿ, ಅದೇ ದಾರಿಗೆ ಮತ್ತೆ ಮತ್ತೆ ಹೋಗು. ನೀನಿರುವ ಕೋಥರೂಡಿನಿಂದ ವೇತಾಳ ಟೇಕಡಿ ಹತ್ತಿರ. ಪುಣೆ ಊರೊಳಗಿನ ಗುಡ್ಡಗಳಲ್ಲೆಲ್ಲ ಅದೇ ಎತ್ತರದ್ದು. ನಿನಗೂ ಕೆಂಚನಿಗೂ ಅಷ್ಟು ಸಾಕು.

ಹೊಸ ದಾರಿಯಲ್ಲಿ ನಡೆದವನಿಗೆ ಕಸ ಮಾತ್ರ ಕಾಣುತ್ತದೆ. ಅದೇ ದಾರಿಯಲ್ಲಿ ತಿಂಗಳುಗಟ್ಟಲೆ ನಡೆದವನಿಗೆ ಆ ಕಸ ಅಲ್ಲಿಗೆ ಯಾಕೆ ಬಂತು ಎಂಬುದೂ ಕಾಣುತ್ತದೆ. ಹಳೆಯ ಕಲ್ಲುಗಣಿಯ ಅಂಚಿನಲ್ಲಿ ಸಂಜೆ ಕೂತೆದ್ದವರ ಬಾಟಲಿಗಳಿರುತ್ತವೆ. ಏರು ಮುಗಿದು ದಮ್ಮು ಹತ್ತುವ ಜಾಗದಲ್ಲಿ ನೀರಿನ ಖಾಲಿ ಬಾಟಲಿಗಳು, ನೆರಳಿರುವ ಕಡೆ ಚಿಪ್ಸ್ ಪೊಟ್ಟಣಗಳು. ಇಷ್ಟು ತಿಳಿದ ಮೇಲೆ, ಎಲ್ಲಿ ಒಂದು ಗೋಣಿಚೀಲ ಕಟ್ಟಿದರೆ ಜನ ಅದರಲ್ಲಿ ಹಾಕಿಯಾರು, ಬೆಳಗ್ಗೆ ತಿರುಗಾಡಲು ಬರುವ ಹಿರಿಯರಲ್ಲಿ ಯಾರನ್ನು ಮಾತಾಡಿಸಿದರೆ ಆ ಚೀಲ ಖಾಲಿ ಮಾಡಲು ಹೆಗಲು ಕೊಟ್ಟಾರು ಎಂಬುದೂ ಹೊಳೆಯುತ್ತದೆ. ಒಂದೊಂದು ಭಾನುವಾರ ಒಂದೊಂದು ಕೋಟೆ ಸುತ್ತುವವನಿಗೆ ಇದು ದಕ್ಕುವುದಿಲ್ಲ.

ಕೆಂಚ ನಿನ್ನನ್ನು ನಿಧಾನ ಮಾಡುತ್ತಾನೆ. ಬೇಸರಪಡಬೇಡ. ಗೊಬ್ಬರದ ಗಿಡಗಳ ಬುಡದಲ್ಲಿ ಅವನು ಮೂಗು ಇಟ್ಟು ನಿಂತನೆಂದರೆ ಅಲ್ಲಿ ನಿನ್ನ ಕಣ್ಣಿಗೆ ಬೀಳದ ಏನೋ ಇದೆ. ಆದರೆ ಅಪಾಯ ಇರುವುದೂ ಅಲ್ಲೇ. ಎಣ್ಣೆ, ಉಪ್ಪು, ಮಸಾಲೆ ಹತ್ತಿದ ಪ್ಲಾಸ್ಟಿಕ್ಕನ್ನು ನಾಯಿ ತಿಂಡಿಯೆಂದೇ ನುಂಗುತ್ತದೆ. ಅದು ಕರುಳಿನಲ್ಲಿ ಸಿಕ್ಕಿಕೊಂಡರೆ ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ‘ಬಿಡು’ ಎಂದರೆ ಬಾಯಲ್ಲಿದ್ದದ್ದನ್ನು ಬಿಡುವಷ್ಟು ಅವನಿಗೆ ಮನೆಯಲ್ಲೇ ಕಲಿಸು, ಆಮೇಲೆ ಗುಡ್ಡಕ್ಕೆ ಕರೆದೊಯ್ಯಿ. ಬಿದ್ದದ್ದನ್ನು ಬರಿಗೈಯಲ್ಲಿ ಎತ್ತಬೇಡ. ಕಲ್ಲಿನ ಸಂದಿನದ್ದನ್ನು ಮೊದಲು ಕೋಲಿನಿಂದ ಹೊರಳಿಸಿ ನೋಡು. ಸಹ್ಯಾದ್ರಿಯ ಈ ಕಡೆ ಚೇಳು ಬಹಳ, ಮರಾಠಿಯವರು ಫುರಸೆ ಎನ್ನುವ ಗರಗಸ ಮಂಡಲ ಹಾವೂ ಉಂಟು. ಮಾರ್ಚ್ ಕಳೆದ ಮೇಲೆ ಬಂಡೆಯ ಮೇಲೆ ನಿನ್ನ ಅಂಗೈ ಊರಿ ನೋಡು. ನಿನಗೆ ತಡೆಯಲಾಗದ ಕಾವು ಅವನ ಪಾದಕ್ಕೂ ಸುಡುತ್ತದೆ.

ಹಗ್ಗ ಬಿಚ್ಚಲೇಬೇಡ. ಟೇಕಡಿಯಲ್ಲಿ ನವಿಲುಗಳಿವೆ, ಮಳೆಗಾಲದಲ್ಲಿ ಅವು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಕೆಂಚ ಎಷ್ಟೇ ಸಾಧು ಇರಲಿ, ಪೊದೆಯಿಂದ ನವಿಲು ಎದ್ದು ಓಡಿದರೆ ಬೆನ್ನು ಹತ್ತದೆ ಬಿಡುವುದಿಲ್ಲ. ಅವನ ಹೇಲನ್ನೂ ಚೀಲಕ್ಕೆ ಹಾಕಿ ಕೆಳಗೆ ತಾ. ಇನ್ನೊಬ್ಬರ ಪೊಟ್ಟಣ ಎತ್ತಿ ನಮ್ಮ ನಾಯಿಯದನ್ನು ಅಲ್ಲೇ ಬಿಟ್ಟು ಬರುವುದು ಸಲ್ಲದು.

ಸಿಂಹಗಡಕ್ಕೆ ಹೋಗಬೇಡ ಅನ್ನುವುದಿಲ್ಲ. 1670ರ ಫೆಬ್ರವರಿ 4ರ ರಾತ್ರಿ ತಾನಾಜಿ ಮಾಲುಸರೆ ಪ್ರಾಣ ಕೊಟ್ಟ ಕೋಟೆ ಅದು, ನೋಡಲೇಬೇಕು. ಭಾನುವಾರದ ಜಾತ್ರೆ ಬಿಟ್ಟು ವಾರದ ನಡುವೆ ಅತಕರವಾಡಿಯ ಕಾಲುದಾರಿ ಹಿಡಿ. ಅಲ್ಲೊಂದು ಮಾತು ನೆನಪಿಡು: ಆ ಇಳಿಜಾರಿನ ಮಳೆನೀರು ಹರಿಯುವುದು ಖಡಕ್‌ವಾಸಲಾ ಕಡೆಗೆ. 1879ರಿಂದ ಇರುವ ಆ ಅಣೆಕಟ್ಟಿನ ನೀರನ್ನೇ ಪುಣೆ ಕುಡಿಯುವುದು. ಜೂನ್‌ನ ಮೊದಲ ದೊಡ್ಡ ಮಳೆಗೆ ಗುಟ್ಕಾ ಚೀಟಿಗಳೆಲ್ಲ ಹಳ್ಳಕ್ಕಿಳಿಯುತ್ತವೆ. ಅದಕ್ಕೇ ಮೇ ತಿಂಗಳಲ್ಲಿ, ಹುಲ್ಲು ಒಣಗಿ ನೆಲ ಬಯಲಾಗಿ ಕಾಣುವಾಗ ಆರಿಸಿದ್ದಕ್ಕೆ ಬೆಲೆ ಹೆಚ್ಚು.

ಕೋಟೆಗೆ ಬಂದ ಜನ ಚೆಲ್ಲುವ ಅನ್ನದ ಬಗ್ಗೆಯೂ ಎಚ್ಚರವಿರಲಿ. ಉಳಿದ ಭಾಕರಿ, ಬಿಸ್ಕತ್ತು ಬಿದ್ದಲ್ಲಿ ಬೀದಿನಾಯಿಗಳು ಸೇರುತ್ತವೆ, ನಾಯಿಗಳನ್ನು ಹುಡುಕಿಕೊಂಡು ಚಿರತೆ ಬರುತ್ತದೆ. ಇದೇ ಪುಣೆ ಜಿಲ್ಲೆಯ ಜುನ್ನರದ ರೈತರನ್ನು ಕೇಳು, ಚಿರತೆಗೆ ನಾಯಿ ಎಷ್ಟು ಇಷ್ಟದ ಬೇಟೆ ಎಂದು ಹೇಳುತ್ತಾರೆ. ಮಬ್ಬುಗತ್ತಲಲ್ಲಿ ಕೆಂಚನನ್ನು ಅಲ್ಲಿ ನಡೆಸಬೇಡ.

ಕಣ್ಣೆದುರೇ ಯಾರೋ ಪೊಟ್ಟಣ ಎಸೆದರೆ ನಿನಗೆ ಸಿಟ್ಟು ಬರುತ್ತದೆ, ಬರಬೇಕಾದದ್ದೇ. ಆದರೂ ಬೈಯಬೇಡ. ನೀನು ಈಗಿರುವ ನಾಡು ಗಾಡಗೆ ಬಾಬಾ ಅವರದು. 1876ರಲ್ಲಿ ಹುಟ್ಟಿ 1956ರವರೆಗೆ ಬಾಳಿದ ಆ ಸಂತ ಪೊರಕೆ ಹಿಡಿದೇ ಊರಿಗೆ ಬರುತ್ತಿದ್ದರು. ಮೊದಲು ಬೀದಿ ಗುಡಿಸುವುದು, ಕೀರ್ತನೆಯಲ್ಲಿ ಬುದ್ಧಿ ಹೇಳುವುದು ರಾತ್ರಿ.  ಬಾಬಾ ಅವರ ಆ ಕ್ರಮ ಬಹಳ ಮುಖ್ಯ. ನೀನು ಬಗ್ಗಿ ಎತ್ತುತ್ತಿರುವುದನ್ನು ನಾಲ್ಕು ವಾರ ಕಂಡವರು ಐದನೆಯ ವಾರ ನಿನ್ನ ಮಾತು ಕೇಳುತ್ತಾರೆ. ಮೊಬೈಲು ಹಿಡಿದು ಅವರ ಚಿತ್ರ ತೆಗೆದರೆ ಜಗಳ ಮಾತ್ರ ಉಳಿಯುತ್ತದೆ.

ಇನ್ನು ಕೆಳಗೆ ತಂದ ಚೀಲದ ಮಾತು. ಇದನ್ನು ಬಹಳ ಮಂದಿ ಯೋಚಿಸುವುದೇ ಇಲ್ಲ. ಗುಡ್ಡದ ಬುಡದ ತೊಟ್ಟಿಯ ಪಕ್ಕ ಇಟ್ಟು ಹೋಗುತ್ತಾರೆ, ರಾತ್ರಿ ನಾಯಿ, ದನ ಹರಿದು ಹಾಕುತ್ತವೆ. ಬೆಂಕಿ ಹಚ್ಚುವುದಂತೂ ಇನ್ನೂ ಕೆಟ್ಟದ್ದು. ಮನೆಗೆ ತಂದು ಬೇರ್ಪಡಿಸು. ಪುಣೆಯ ಕಸ ಆಯುವವರು 1993ರಲ್ಲಿ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘ ಕಟ್ಟಿಕೊಂಡರು. ಅದರಿಂದ ಬೆಳೆದ ‘ಸ್ವಚ್ಛ’ ಸಹಕಾರಿ ಸಂಸ್ಥೆ 2008ರಿಂದ ಮಹಾನಗರಪಾಲಿಕೆಯೊಂದಿಗೆ ಕರಾರು ಮಾಡಿಕೊಂಡು ಮನೆಮನೆಯ ಕಸ ಒಯ್ಯುತ್ತದೆ. ಅದರ ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಬಾಟಲಿ, ಡಬ್ಬಿ ಮಾರಿದ ಹಣ ಅವರ ಗಳಿಕೆ, ಅವುಗಳನ್ನು ತೊಳೆದು ಒಣಗಿಸಿ ಕೊಡು. ಒಳಗೆ ಬೆಳ್ಳಿ ಬಣ್ಣದ ಹಾಳೆಯಿರುವ ಚಿಪ್ಸ್ ಪೊಟ್ಟಣಕ್ಕೆ ಗುಜರಿಯಲ್ಲಿ ಬೆಲೆಯೇ ಇಲ್ಲವೆನ್ನಬೇಕು, ಅದನ್ನು ಬೇರೆಯೇ ಕಟ್ಟು. ಒಡೆದ ಗಾಜನ್ನು ಯಾವುದರೊಂದಿಗೂ ಬೆರೆಸಬೇಡ. ದಪ್ಪ ಪೇಪರಿನಲ್ಲಿ ಸುತ್ತಿ, ದಾರ ಬಿಗಿದು, ಬಾಗಿಲಿಗೆ ಬರುವ ಹೆಂಗಸಿನ ಕೈಗೇ ಕೊಡು. ಕೊಡುವಾಗ ‘ಮಾವಶಿ, ಇದರಲ್ಲಿ ಗಾಜಿದೆ’ ಎಂದು ಬಾಯಿಬಿಟ್ಟು ಹೇಳು.