ನಡುಕದ ಕಾಯಿಲೆಯೂ ಸಂಶೋಧನೆಯ ಹಣವೂ



ನಮ್ಮ ಹಿರಿಯ ಸದಸ್ಯರೊಬ್ಬರ ಸಹಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಾ ಬಂದು, ಕೊನೆಗೆ ಸಂಘದ ಹಳೆಯ ಕಡತದ ಸಹಿಯೊಡನೆ ತಾಳೆಯಾಗದೆ ಹೋಯಿತು. ವಯಸ್ಸಿನ ದೋಷವೆಂದು ನಾವೆಣಿಸಿದ್ದೆವು. ವೈದ್ಯರು ಪಾರ್ಕಿನ್ಸನ್ ಕಾಯಿಲೆ ಎಂದರು. ಕೈನಡುಕ, ಮೈಬಿಗಿತ, ನಿಧಾನಗತಿ, ಸಣ್ಣದಾಗುವ ಅಕ್ಷರ ಇದರ ಲಕ್ಷಣಗಳು. ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಸಾಯುತ್ತಾ ಹೋಗುವುದರಿಂದ ಇದು ಬರುತ್ತದೆ. ಅವು ಸಾಯುವುದೇಕೆ? ಪೂರ್ತಿ ಉತ್ತರ ಇನ್ನೂ ದೊರೆತಿಲ್ಲ. ಅದನ್ನು ಹುಡುಕಲು ಹಣ ಕೊಡುವವರು ಯಾರು ಎಂಬುದು ಈ ಸಲದ ಪಾಠ.

ಮೊದಲು ಔಷಧಿಯ ವಿಚಾರ. ಬೇಲಿಯಲ್ಲಿ ಬೆಳೆದು ಮೈಗೆ ನವೆ ಹಿಡಿಸುವ ನಸುಗುನ್ನಿಯನ್ನು ನಾವೆಲ್ಲ ಬಲ್ಲೆವು. ಅದರ ಬೀಜದಿಂದ ಲೆವೊಡೋಪಾ ಎಂಬ ವಸ್ತುವನ್ನು 1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ಬೇರ್ಪಡಿಸಿದರು. ಈ ಕಾಯಿಲೆಗೂ ಅದಕ್ಕೂ ನಂಟಿದೆಯೆಂದು ಆಗ ಯಾರಿಗೂ ಗೊತ್ತಿರಲಿಲ್ಲ. 1957ರಲ್ಲಿ ಸ್ವೀಡನ್ನಿನ ಕಾರ್ಲ್‌ಸನ್, ಔಷಧಿಯಿಂದ ನಿಶ್ಚಲವಾಗಿದ್ದ ಮೊಲಗಳಿಗೆ ಡೋಪಾ ಕೊಟ್ಟು ಮತ್ತೆ ಓಡಾಡಿಸಿದರು. 1960ರಲ್ಲಿ ವಿಯೆನ್ನಾದಲ್ಲಿ ಮೃತ ರೋಗಿಗಳ ಮಿದುಳನ್ನು ಪರೀಕ್ಷಿಸಿ ಡೋಪಮಿನ್ ಕೊರತೆಯನ್ನು ಕಂಡರು. 1967ರಲ್ಲಿ ಅಮೆರಿಕದ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಕೊಟ್ಜಿಯಾಸ್ ರೋಗಿಗಳಿಗೆ ಡೋಪಾ ಕೊಟ್ಟು ಗುಣ ತೋರಿಸಿದರು. ಬೀಜದಿಂದ ಮದ್ದಿನವರೆಗೆ 30 ವರ್ಷ! ಅಡಿಕೆ ಸಸಿ ನೆಟ್ಟು ವರ್ಷಗಟ್ಟಲೆ ಕಾಯುವ ನಮಗೂ ಇದು ದೀರ್ಘವೇ. ಇಂದಿಗೂ ಲೆವೊಡೋಪಾವೇ ಮುಖ್ಯ ಮದ್ದು. ಆದರೆ ಅದು ಲಕ್ಷಣಗಳನ್ನು ತಗ್ಗಿಸುತ್ತದೆಯೇ ಹೊರತು ಕೋಶಗಳ ಸಾವನ್ನು ತಡೆಯುವುದಿಲ್ಲ. (ಬೇಲಿಯ ಬೀಜವನ್ನು ಪುಡಿಮಾಡಿ ನುಂಗುವ ಸಾಹಸ ಬೇಡ, ಪ್ರಮಾಣ ತಪ್ಪಿದರೆ ಅಪಾಯ.)

ಕಾರಣದ ಶೋಧನೆ ನಮಗೆ ಇನ್ನೂ ಹತ್ತಿರದ್ದು. ಅಮೆರಿಕದ ಅಯೋವಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳಲ್ಲಿ 1993ರಲ್ಲಿ ಸರ್ಕಾರದ ಹಣದಿಂದ ಕೃಷಿಕರ ಆರೋಗ್ಯದ ದೊಡ್ಡ ಅಧ್ಯಯನ ಆರಂಭವಾಯಿತು. ಅದರಲ್ಲಿ ಸೇರಿದವರ ಪೈಕಿ 110 ಮಂದಿ ರೋಗಿಗಳನ್ನು ಈ ಕಾಯಿಲೆಯಿಲ್ಲದ 358 ಮಂದಿಯೊಡನೆ ಹೋಲಿಸಿದ ವರದಿ 2011ರಲ್ಲಿ ಪ್ರಕಟವಾಯಿತು. ಕಳೆನಾಶಕ ಪ್ಯಾರಾಕ್ವಾಟ್ ಅಥವಾ ಕೀಟನಾಶಕ ರೋಟೆನೋನ್ ಬಳಸಿದವರಲ್ಲಿ ಕಾಯಿಲೆಯ ಸಂಭವ ಸುಮಾರು ಎರಡೂವರೆ ಪಟ್ಟು ಎಂದು ಅದರಲ್ಲಿದೆ. ಕಾರಣ ಸಿದ್ಧವಾಯಿತೆಂದು ಇದರ ಅರ್ಥವಲ್ಲ, ವಾದವಿವಾದ ಮುಗಿದಿಲ್ಲ. ಆದರೆ ವಿಷ ಮಾರುವವರು ತಾವಾಗಿ ಇಂಥ ಪ್ರಶ್ನೆ ಕೇಳಿ ಅದಕ್ಕೆ ಹಣವನ್ನೂ ಸುರಿಯುವರೆಂದು ನಾವು ನಂಬುವುದಿಲ್ಲ. ತೆರಿಗೆಯ ಹಣ ಬೇಕು, ಇಲ್ಲವೇ ದಾನದ ಹಣ. ಸ್ವತಃ ರೋಗಿಯಾದ ನಟ ಮೈಕೇಲ್ ಜೆ. ಫಾಕ್ಸ್ 2000ದಲ್ಲಿ ಸ್ಥಾಪಿಸಿದ ಪ್ರತಿಷ್ಠಾನ ಜನರ ದೇಣಿಗೆಯಿಂದಲೇ ಜಗತ್ತಿನಾದ್ಯಂತ ಈ ಕೆಲಸಕ್ಕೆ ನೆರವಾಗುತ್ತಿದೆ.

ನಮಗಿದು ಹೊಸದಲ್ಲ. ಕೊಳೆರೋಗಕ್ಕೆ ಮೈಲುತುತ್ತ ಸುಣ್ಣದ ದ್ರಾವಣವನ್ನು ರೂಢಿಗೆ ತಂದ ಕೋಲ್ಮನ್ ಸಾಹೇಬರು ಮೈಸೂರು ಸರ್ಕಾರದ ಸಂಬಳದವರು. 1925ರ ಬಾಳೆಹೊನ್ನೂರು ಕಾಫಿ ಸಂಶೋಧನಾ ಕೇಂದ್ರವೂ ಆ ಸರ್ಕಾರದ್ದೇ. ಮನುಷ್ಯರ ಮಿದುಳಿನ ಸಂಶೋಧನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಸಂಗ್ರಹಾಲಯವಿದೆ. ಅಲ್ಲಿಗೆ ಬೇಕಾದದ್ದು ಹಣ ಮಾತ್ರವಲ್ಲ, ಮರಣಾನಂತರದ ದಾನವೂ ಹೌದು.

ಇನ್ನೊಂದು ಮಾತು. ಅಯೋವಾದ ರೈತರು ತಾವು ಯಾವ ವಿಷ ಬಳಸಿದೆವೆಂದು ಹೇಳಬಲ್ಲವರಾಗಿದ್ದರು. ನಮ್ಮಲ್ಲಿ ಯಾರಾದರೂ ಬಂದು ಕೇಳಿದರೆ ಏನು ಹೇಳುವುದು? ಸಿಂಪಡಿಸುವವರ ಹೆಸರು, ದಿನಾಂಕ, ಡಬ್ಬಿಯ ಮೇಲಿನ ಔಷಧಿಯ ಹೆಸರು, ಪ್ರಮಾಣ ಇಷ್ಟನ್ನು ಈ ಮಳೆಗಾಲದಿಂದ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಕೂಲಿಯಾಳುಗಳ ಹೆಸರನ್ನೂ ಬಿಡಬೇಡಿ. ಡಬ್ಬಿ ಮುಚ್ಚಳ ತೆಗೆಯುವವರು ಹೆಚ್ಚಾಗಿ ಅವರೇ.