ಎಣ್ಣೆ ಬಾವಿಯ ಊರಿಗೆ ಟ್ರಕ್ ಕೆಲಸಕ್ಕೆ ಹೊರಟಿದ್ದೀರಾ? ಹಂತ ಹಂತವಾಗಿ ಹೀಗೆ ಮಾಡಿ

ಗ್ರೀನ್ ಕಾರ್ಡ್ ಕೈಗೆ ಬಂದಿದೆ. ಸಂಸಾರ ಡಲ್ಲಾಸಿನಲ್ಲೋ ಹ್ಯೂಸ್ಟನ್ನಿನಲ್ಲೋ ಇದೆ. ಪಶ್ಚಿಮ ಟೆಕ್ಸಾಸಿನ ಎಣ್ಣೆ ಬಾವಿಗಳ ಕಡೆ ಟ್ರಕ್ ಓಡಿಸಿದರೆ ಸಂಪಾದನೆ ಚೆನ್ನಾಗಿದೆ ಎಂದು ಯಾರೋ ಹೇಳಿದ್ದಾರೆ. ಹಾಗಿದ್ದರೆ ಈ ಬರಹ ನಿಮಗೆ. ಆ ಜಾಗದ ಹೆಸರು ಪರ್ಮಿಯನ್ ಬೇಸಿನ್. ಮಿಡ್‌ಲ್ಯಾಂಡ್, ಒಡೆಸ್ಸಾ, ಪೇಕಸ್, ಕರ್ಮಿಟ್, ಗಡಿಯಾಚೆ ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬಾಡ್, ಹಾಬ್ಸ್, ಈ ಊರುಗಳ ಸುತ್ತ ಹಬ್ಬಿದ ಒಣ ಬಯಲು. ಅಮೆರಿಕದಲ್ಲಿ ಅತಿ ಹೆಚ್ಚು ಕಚ್ಚಾ ತೈಲ ಬರುವುದು ಇಲ್ಲಿಂದಲೇ.

ಎಲ್ಲರೂ ಮೊದಲು ಸಂಬಳ ಕೇಳುತ್ತಾರೆ. ನಾನು ಮೊದಲು ಕೇಳುವುದು ಬೇರೆ: ರಾತ್ರಿ ಎಲ್ಲಿ ಮಲಗುತ್ತೀರಿ, ಅಲ್ಲಿಂದ ಕಂಪನಿಯ ಟ್ರಕ್ ನಿಲ್ಲುವ ಯಾರ್ಡಿಗೆ ಎಷ್ಟು ದೂರ? ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಒಶಾ ಹೇಳುವ ಪ್ರಕಾರ, ಈ ಉದ್ಯಮದಲ್ಲಿ ಕೆಲಸದ ವೇಳೆ ಸಾಯುವ ಹತ್ತು ಜನರಲ್ಲಿ ಸುಮಾರು ನಾಲ್ವರನ್ನು ಬಲಿ ತೆಗೆದುಕೊಳ್ಳುವುದು ರಸ್ತೆ ಅಪಘಾತ. ಭಯಪಡಬೇಡಿ. ಇದು ಮೊದಲೇ ಲೆಕ್ಕ ಹಾಕಿ ತಪ್ಪಿಸಿಕೊಳ್ಳಬಹುದಾದ ಅಪಾಯ. ಒಂದೊಂದೇ ಹೆಜ್ಜೆ ಇಡೋಣ.

ಹಂತ 1: ಕಾಗದಪತ್ರ ನೋಡಿಕೊಳ್ಳಿ

ಎಚ್-1ಬಿ ಮೇಲೆ ಇದ್ದುಕೊಂಡು ಈ ಕೆಲಸ ಮಾಡುವಂತಿಲ್ಲ. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದರೆ ದಾರಿ ಸಲೀಸು. ಇಎಡಿ, ಅಂದರೆ ಕೆಲಸದ ಪರವಾನಗಿ ಮಾತ್ರ ಇರುವವರು ಡ್ರೈವಿಂಗ್ ಸ್ಕೂಲಿಗೆ ಒಂದು ಡಾಲರ್ ಕಟ್ಟುವ ಮೊದಲು ರಾಜ್ಯದ ಲೈಸೆನ್ಸ್ ಕಚೇರಿಯಲ್ಲಿ ವಿಚಾರಿಸಿ. 2025ರಿಂದ ಈ ನಿಯಮಗಳು ಬಹಳ ಬಿಗಿಯಾಗಿವೆ.

ಇಂಗ್ಲಿಷ್ ಬಗ್ಗೆ ಒಂದು ಮಾತು. 2025ರ ಜೂನ್ 25ರಿಂದ, ಇಂಗ್ಲಿಷಿನಲ್ಲಿ ಉತ್ತರಿಸಲಾಗದ, ರಸ್ತೆ ಫಲಕ ಓದಲಾಗದ ಟ್ರಕ್ ಚಾಲಕರನ್ನು ತಪಾಸಣೆಯಲ್ಲೇ ಕೆಳಗಿಳಿಸುತ್ತಿದ್ದಾರೆ. ನಮ್ಮ ಉಚ್ಚಾರಣೆ ಬೇರೆ ಎಂದು ಅಳುಕಬೇಡಿ. ಎಲ್ಲಿಂದ ಬಂದಿರಿ, ಏನು ಸಾಗಿಸುತ್ತಿದ್ದೀರಿ, ಎಲ್ಲಿಗೆ ಹೋಗುತ್ತೀರಿ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಮನೆಯಲ್ಲೇ ಮಾಡಿಕೊಳ್ಳಿ.

ಹಂತ 2: ಸಿಡಿಎಲ್ ತೆಗೆದುಕೊಳ್ಳಿ

ಊರಿನಲ್ಲಿ ಹೆವಿ ಲೈಸೆನ್ಸ್ ಇಟ್ಟುಕೊಂಡು ಹತ್ತು ವರ್ಷ ಲಾರಿ ಓಡಿಸಿದ್ದರೂ ಇಲ್ಲಿ ಅದರ ಮೇಲೆ ಲೈಸೆನ್ಸ್ ಕೊಡುವುದಿಲ್ಲ. ಕ್ಲಾಸ್ ಎ ಸಿಡಿಎಲ್, ಅಂದರೆ ಭಾರಿ ಟ್ರಕ್ಕಿನ ವಾಣಿಜ್ಯ ಲೈಸೆನ್ಸ್ ಬೇಕು. ಕ್ರಮ ಹೀಗೆ: ಡಿಓಟಿ ಮೆಡಿಕಲ್ ಕಾರ್ಡ್, ಲಿಖಿತ ಪರೀಕ್ಷೆ, ಪರ್ಮಿಟ್, ನೋಂದಾಯಿತ ಶಾಲೆಯಲ್ಲಿ ತರಬೇತಿ (2022ರ ಫೆಬ್ರವರಿ 7ರಿಂದ ಇದು ಕಡ್ಡಾಯ), ಆಮೇಲೆ ರಸ್ತೆ ಪರೀಕ್ಷೆ. ಪರ್ಮಿಟ್ ಸಿಕ್ಕಿ ಕನಿಷ್ಠ 14 ದಿನ ಆಗಿರಬೇಕು.

ಹೊಸಬರು ಎಡವುವುದು ಇಲ್ಲಿ: ಸುಲಭ ಎಂದು ಆಟೋಮ್ಯಾಟಿಕ್ ಟ್ರಕ್ಕಿನಲ್ಲಿ ಪರೀಕ್ಷೆ ಕೊಟ್ಟರೆ, ಗೇರಿನ ಟ್ರಕ್ ಓಡಿಸುವಂತಿಲ್ಲ ಎಂಬ ನಿರ್ಬಂಧ ಲೈಸೆನ್ಸಿನಲ್ಲೇ ಬೀಳುತ್ತದೆ. ಬಾವಿ ಕಡೆ ಗೇರಿನ ಟ್ರಕ್‌ಗಳು ಇನ್ನೂ ಇವೆ. ಎರಡು ವಾರ ಹೆಚ್ಚು ಹಿಡಿದರೂ ಗೇರಿನಲ್ಲೇ ಕಲಿಯಿರಿ.

ಹಂತ 3: ಎಂಡಾರ್ಸ್‌ಮೆಂಟ್ ಸೇರಿಸಿ

ಎಂಡಾರ್ಸ್‌ಮೆಂಟ್ ಅಂದರೆ ಲೈಸೆನ್ಸಿಗೆ ಸೇರುವ ಹೆಚ್ಚುವರಿ ಅನುಮತಿ. ನೀರಿನ ಟ್ಯಾಂಕರಿಗೆ ‘ಎನ್’, ಕಚ್ಚಾ ತೈಲಕ್ಕೆ ಅದರ ಜೊತೆಗೆ ಅಪಾಯಕಾರಿ ಸರಕಿನ ಹ್ಯಾಜ್‌ಮ್ಯಾಟ್ ‘ಎಚ್’. ಎರಡೂ ಸೇರಿದರೆ ‘ಎಕ್ಸ್’. ಹ್ಯಾಜ್‌ಮ್ಯಾಟಿಗೆ ಬೆರಳಚ್ಚು ಕೊಟ್ಟು ಟಿಎಸ್‌ಎ ತಪಾಸಣೆ ಮುಗಿಯಬೇಕು, ವಯಸ್ಸು 21 ಆಗಿರಬೇಕು. ತಪಾಸಣೆಗೆ ದಿನ ಹಿಡಿಯುತ್ತದೆ, ಆದ್ದರಿಂದ ಮೊದಲೇ ಅರ್ಜಿ ಹಾಕಿ.

ಹಂತ 4: ಯಾವ ಲೋಡ್ ಎಂದು ಆರಿಸಿಕೊಳ್ಳಿ

ಮುಖ್ಯವಾಗಿ ಮೂರು ಬಗೆ. ಬಾವಿಯಾಳದ ಬಂಡೆ ಸೀಳುವಾಗ ಬೇಕಾಗುವ ಫ್ರ್ಯಾಕ್ ಸ್ಯಾಂಡ್, ಅಂದರೆ ಮರಳು. ಬಾವಿಯಿಂದ ತೈಲದ ಜೊತೆ ಮೇಲೆ ಬರುವ ಉಪ್ಪುನೀರು. ಮೂರನೆಯದು ಕಚ್ಚಾ ತೈಲ. ಹೊಸಬರಿಗೆ ಮರಳು ಒಳ್ಳೆಯ ಆರಂಭ ಎಂದು ನನ್ನ ಅಭಿಪ್ರಾಯ. ಟ್ಯಾಂಕರಿನೊಳಗೆ ದ್ರವ ತುಳುಕಿ ಟ್ರಕ್ಕನ್ನು ಮುಂದಕ್ಕೆ ನೂಕುತ್ತದೆ; ಅದನ್ನು ಪಳಗಿಸಲು ಅನುಭವ ಬೇಕು.

ಇಂಟರ್‌ವ್ಯೂನಲ್ಲಿ ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ದುಡ್ಡು ಲೋಡಿಗೋ ಗಂಟೆಗೋ? ಬಾವಿಯ ಬಳಿ ಆರು ಗಂಟೆ ಸಾಲಿನಲ್ಲಿ ನಿಂತರೆ ಅದಕ್ಕೆ ಕೊಡುತ್ತೀರಾ? ಡಬ್ಲ್ಯೂ-2 ನೌಕರನೋ, 1099 ಗುತ್ತಿಗೆಯವನೋ? ಕೆಲಸದಲ್ಲಿ ಗಾಯವಾದರೆ ನೆರವಾಗುವ ವರ್ಕರ್ಸ್ ಕಾಂಪ್ ವಿಮೆ ಇದೆಯೇ? ಕೊನೆಯ ಪ್ರಶ್ನೆ ಮರೆಯಬೇಡಿ. ಟೆಕ್ಸಾಸಿನಲ್ಲಿ ಖಾಸಗಿ ಕಂಪನಿಗಳು ಆ ವಿಮೆ ಮಾಡಿಸಲೇಬೇಕೆಂಬ ಕಾನೂನಿಲ್ಲ. ಕಾಲು ಮುರಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ಹಂತ 5: ಸುರಕ್ಷತಾ ಕ್ಲಾಸ್ ಮುಗಿಸಿ

ಸೇಫ್‌ಲ್ಯಾಂಡ್ ಕಾರ್ಡ್ ಮತ್ತು ಎಚ್2ಎಸ್ ತರಬೇತಿ ಇಲ್ಲದಿದ್ದರೆ ಅನೇಕ ಬಾವಿಗಳ ಗೇಟಿನೊಳಗೆ ಬಿಡುವುದಿಲ್ಲ. ಎಚ್2ಎಸ್ ಅಂದರೆ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ. ವಾಸನೆ ನಿಂತಿತು, ಅನಿಲ ಹೋಯಿತು ಎಂದುಕೊಳ್ಳಬೇಡಿ. ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. 100 ಪಿಪಿಎಂ ಮುಟ್ಟಿದರೆ ಪ್ರಾಣಕ್ಕೆ ಅಪಾಯ. ಆದ್ದರಿಂದ ಮೂಗನ್ನು ನಂಬದೆ ಎದೆಗೆ ಸಿಕ್ಕಿಸುವ ಮಾನಿಟರನ್ನು ನಂಬಿ. ಅದು ಕೂಗಿದರೆ ಗಾಳಿ ಬೀಸುವ ದಿಕ್ಕು ನೋಡಿ, ಗಾಳಿಗೆ ಅಡ್ಡಲಾಗಿ ಸರಿದು, ಗಾಳಿ ಬರುವ ಕಡೆಗೆ ನಡೆಯಿರಿ. ಸಹೋದ್ಯೋಗಿ ಬಿದ್ದಿದ್ದರೂ ಉಸಿರಾಟದ ಉಪಕರಣವಿಲ್ಲದೆ ಹತ್ತಿರ ಓಡಬೇಡಿ.

ಬೆಂಕಿ ತಡೆಯುವ ಎಫ್‌ಆರ್ ಬಟ್ಟೆ, ಸ್ಟೀಲ್ ಟೋ ಬೂಟು, ಹೆಲ್ಮೆಟ್ ಕೊಂಡುಕೊಳ್ಳಿ. ಒಳಗೆ ಪಾಲಿಯೆಸ್ಟರ್ ಬನಿಯನ್ ಬೇಡ, ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಹತ್ತಿಯದೇ ಇರಲಿ.

ಹಂತ 6: ಸಾಮಾನು ಕಟ್ಟುವ ಮೊದಲು ಒಮ್ಮೆ ಹೋಗಿ ರಸ್ತೆ ನೋಡಿ ಬನ್ನಿ

ಮೂರು ದಿನ ಸಾಕು. ನಿಮ್ಮ ಶಿಫ್ಟ್ ಶುರುವಾಗುವ ಹೊತ್ತಿಗೇ, ಬೆಳಗ್ಗೆ 4ಕ್ಕೋ ಸಂಜೆ 5ಕ್ಕೋ, ನಿಮ್ಮದೇ ಕಾರಿನಲ್ಲಿ ಯಾರ್ಡಿನವರೆಗೆ ಓಡಿಸಿ ನೋಡಿ. ನಕ್ಷೆಯಲ್ಲಿ ಒಡೆಸ್ಸಾದಿಂದ ಪೇಕಸ್‌ಗೆ ಸುಮಾರು 75 ಮೈಲಿ. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಅದು ಬೇರೆಯೇ ದಾರಿ. ಒಡೆಸ್ಸಾದಿಂದ ಕರ್ಮಿಟ್ ದಾಟಿ ಮೆಂಟೋನ್‌ಗೆ ಹೋಗುವ ಹೆದ್ದಾರಿ 302, ಪೇಕಸ್‌ನಿಂದ ಕಾರ್ಲ್ಸ್‌ಬಾಡ್ ಕಡೆಗಿನ 285, ಇವೆರಡರಲ್ಲೂ ತುಂಬಿದ ಟ್ರಕ್‌ಗಳ ಸಾಲು. 285ಕ್ಕೆ ಇಲ್ಲಿನವರು ಸಾವಿನ ಹೆದ್ದಾರಿ ಎಂದೇ ಹೆಸರಿಟ್ಟಿದ್ದಾರೆ. ಅಲ್ಲಿ ಓವರ್‌ಟೇಕ್ ಮಾಡಬೇಡಿ. ಹತ್ತು ನಿಮಿಷ ತಡವಾದರೆ ಆಗಲಿ.

ಮೆಂಟೋನ್ ಇರುವ ಲವಿಂಗ್ ಕೌಂಟಿಯಲ್ಲಿ 2020ರ ಜನಗಣತಿ ಎಣಿಸಿದ್ದು 64 ಜನರನ್ನು. ರಾತ್ರಿ ಟೈರ್ ಪಂಕ್ಚರ್ ಆದರೆ ಮನೆ ಬಾಗಿಲು ತಟ್ಟಿ ನೀರು ಕೇಳುವ ಊರಲ್ಲ ಅದು.

ಇನ್ನೊಂದು ಎಚ್ಚರಿಕೆ. ಟೆಕ್ಸಾಸಿನ ಈ ಭಾಗದ ಗಡಿಯಾರಕ್ಕಿಂತ ನ್ಯೂ ಮೆಕ್ಸಿಕೋದ ಗಡಿಯಾರ ಒಂದು ಗಂಟೆ ಹಿಂದೆ. ಗಡಿಯ ಹತ್ತಿರ ಫೋನು ತಾನೇ ಸಮಯ ಬದಲಿಸಿಕೊಂಡು ಅಲಾರಂ ಏರುಪೇರಾಗುತ್ತದೆ. ಫೋನಿನಲ್ಲಿ ಟೈಮ್ ಜೋನ್ ತಾನಾಗಿ ಬದಲಾಗದಂತೆ ಮಾಡಿ, ಜೊತೆಗೆ ಕೈಗೆ ಒಂದು ವಾಚ್ ಕಟ್ಟಿ.

ಹಂತ 7: ಗಂಟೆಗಳ ಲೆಕ್ಕ ಹಾಕಿ

ಒಂದು ಕಾಗದ ತೆಗೆದುಕೊಳ್ಳಿ. ಕೇಂದ್ರ ಸರ್ಕಾರದ ನಿಯಮದಂತೆ 10 ಗಂಟೆ ವಿರಾಮದ ನಂತರ 14 ಗಂಟೆಯ ಅವಧಿಯೊಳಗೆ 11 ಗಂಟೆ ಓಡಿಸಬಹುದು. ಟೆಕ್ಸಾಸಿನೊಳಗೇ ಓಡುವ ಟ್ರಕ್ಕಿಗೆ ರಾಜ್ಯದ ನಿಯಮ ಇನ್ನೂ ಸಡಿಲ: 12 ಗಂಟೆ ಓಡಿಸಿ, 8 ಗಂಟೆ ವಿರಾಮ.

ಈಗ ನೋಡಿ. ಮನೆಯಿಂದ ಯಾರ್ಡಿಗೆ ನಿಮ್ಮ ಸ್ವಂತ ಕಾರಿನಲ್ಲಿ ಓಡಿಸುವ ಹೊತ್ತನ್ನು ಕಾನೂನು ವಿರಾಮ ಎಂದೇ ಎಣಿಸುತ್ತದೆ. ಹೋಗಲು ಒಂದೂವರೆ ಗಂಟೆ, ಬರಲು ಒಂದೂವರೆ ಗಂಟೆ ಎಂದರೆ 10ರಲ್ಲಿ 3 ಹೋಯಿತು. ಸ್ನಾನ, ಊಟ, ಮನೆಗೆ ಫೋನು, ಬಟ್ಟೆ ಒಗೆಯುವುದು ಎಂದು 2 ಹೋಯಿತು. ಉಳಿದದ್ದು 5. ರಾಜ್ಯದ 8 ಗಂಟೆಯ ವಿರಾಮವಾದರೆ ಉಳಿಯುವುದು ಮೂರೇ. ಲಾಗ್‌ಬುಕ್ ನೂರಕ್ಕೆ ನೂರು ಸರಿ ಇರುತ್ತದೆ, ಕಣ್ಣು ಮಾತ್ರ ಮುಚ್ಚಿಕೊಂಡು ಹೋಗುತ್ತದೆ. ಆದ್ದರಿಂದ ನನ್ನ ಸಲಹೆ ಖಚಿತ: ಮಲಗುವ ಜಾಗ ಯಾರ್ಡಿನಿಂದ ಅರ್ಧ ಗಂಟೆಯೊಳಗೆ ಇರಲಿ, ಬಾಡಿಗೆ ಹೆಚ್ಚಾದರೂ ಸರಿ.

ಬಾವಿಯ ಬಳಿ ಕಾಯುವ ಹೊತ್ತನ್ನು ಡ್ಯೂಟಿಯಲ್ಲ ಎಂದು ಬರೆಯುವ ವಿನಾಯಿತಿಯೊಂದಿದೆ. ಅದು ಬಾವಿ ಕೆಲಸಕ್ಕೆಂದೇ ಕಟ್ಟಿದ ವಿಶೇಷ ವಾಹನಗಳಿಗೆ. ಮರಳು, ನೀರು ಸಾಗಿಸುವವರಿಗೆ ಅನ್ವಯಿಸುವುದಿಲ್ಲ. ಡಿಸ್ಪ್ಯಾಚರ್ ಹಾಗೆ ಬರೆಯಿರಿ ಎಂದರೆ ಒಪ್ಪಬೇಡಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಲೈಸೆನ್ಸು.

ಹಂತ 8: ಮಲಗುವ ಜಾಗ ಗೊತ್ತುಮಾಡಿ

ಕಾರ್ಮಿಕರಿಗೆಂದೇ ಇರುವ ಮ್ಯಾನ್ ಕ್ಯಾಂಪ್, ಆರ್‌ವಿ ಪಾರ್ಕ್, ಯಾರ ಜೊತೆಗಾದರೂ ಹಂಚಿಕೊಳ್ಳುವ ರೂಮು. ಮೊದಲ ಮೂರು ತಿಂಗಳಿಗೆ ಮ್ಯಾನ್ ಕ್ಯಾಂಪ್ ಒಳ್ಳೆಯದು: ಊಟ, ಹಾಸಿಗೆ, ಬಟ್ಟೆ ಒಗೆಯುವ ಮೆಷಿನ್ ಒಂದೇ ಕಡೆ. ರೂಮಿನಲ್ಲಿ ಅಡುಗೆ ಮಾಡಲು ಬಿಡುತ್ತಾರೆಯೇ, ಮೆಸ್ಸಿನಲ್ಲಿ ಸಸ್ಯಾಹಾರ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಹಗಲು ಮಲಗುವವರಿಗೆ ಕಿಟಕಿಗೆ ಕಪ್ಪು ಪರದೆ ಬೇಕೇ ಬೇಕು.

ವರ್ಷದ ಕರಾರಿಗೆ ಸಹಿ ಹಾಕಬೇಡಿ, ಮನೆ ಕೊಳ್ಳುವ ಮಾತಂತೂ ಬೇಡ. ತಿಂಗಳು ತಿಂಗಳ ಬಾಡಿಗೆಯೇ ಇರಲಿ. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ ಬ್ಯಾರೆಲಿಗೆ ಸೊನ್ನೆಗಿಂತ 37.63 ಡಾಲರ್ ಕೆಳಗೆ ಇಳಿದಿತ್ತು. ಬೆಲೆ ಬಿದ್ದರೆ ಬಾವಿ ನಿಲ್ಲುತ್ತದೆ, ಬಾವಿ ನಿಂತರೆ ಟ್ರಕ್ ನಿಲ್ಲುತ್ತದೆ. ಹೆಂಡತಿ ಮಕ್ಕಳು ಒಂದು ವರ್ಷ ಇದ್ದಲ್ಲೇ ಇರಲಿ. ಮಕ್ಕಳ ಸ್ಕೂಲ್ ಬದಲಿಸಲು ಅವಸರ ಬೇಡ.

ಬೇರೆ ರಾಜ್ಯದಿಂದ ಬಂದು ಇಲ್ಲೇ ನೆಲೆಸುವವರು 30 ದಿನದೊಳಗೆ ಸಿಡಿಎಲ್ ಬದಲಿಸಿಕೊಳ್ಳಬೇಕು. ಮನೆ ಸಾಗಿಸಿದ ಖರ್ಚನ್ನೂ ದಿನಾ ಯಾರ್ಡಿಗೆ ಹೋಗಿಬರುವ ಪೆಟ್ರೋಲನ್ನೂ ಸಂಬಳದ ನೌಕರರು ಕೇಂದ್ರದ ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ. ಕಂಪನಿ ಕೊಡುತ್ತದೆಯೇ ಎಂದು ಸೇರುವ ಮೊದಲೇ ಕೇಳಿ.

ಹಂತ 9: ಕಾರು ಸಿದ್ಧ ಮಾಡಿ

ಸ್ಟೆಪ್ನಿ, ಜ್ಯಾಕ್, ಟಾರ್ಚು, ಎರಡು ಗ್ಯಾಲನ್ ಕುಡಿಯುವ ನೀರು, ಕಂಬಳಿ. ಬಾವಿಗಳಿಗೆ ಮನೆ ನಂಬರಿನಂಥ ವಿಳಾಸ ಇರುವುದಿಲ್ಲ. ಬಾವಿಯ ಹೆಸರು, ಲೀಸ್ ರೋಡಿನ ಹೆಸರು, ಜಿಪಿಎಸ್ ಅಂಕಿ ಇಷ್ಟೇ. ಸಿಗ್ನಲ್ ಕೈಕೊಡುತ್ತದೆ, ಆದ್ದರಿಂದ ನಕ್ಷೆಯನ್ನು ಫೋನಿಗೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಅವಲಕ್ಕಿ, ಚಟ್ನಿಪುಡಿ ಡಬ್ಬಿಯಲ್ಲಿರಲಿ. ಬಾವಿ ಸಾಲಿನಲ್ಲಿ ನಿಂತಾಗ ಅದರ ಬೆಲೆ ತಿಳಿಯುತ್ತದೆ.

ಧೂಳು ಬಿರುಗಾಳಿ ಎದ್ದರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕಿಳಿದು ನಿಲ್ಲಿಸಿ. ಲೈಟ್ ಆರಿಸಿ, ಬ್ರೇಕಿನಿಂದ ಕಾಲು ತೆಗೆಯಿರಿ. ಲೈಟ್ ಉರಿಯುತ್ತಿದ್ದರೆ ಹಿಂದಿನವರು ಅದೇ ರಸ್ತೆ ಎಂದುಕೊಂಡು ನೇರ ಬಂದು ಗುದ್ದುತ್ತಾರೆ.

ಹಂತ 10: ಮನೆಗೆ ಹೋಗುವ ದಿನವನ್ನು ಮೊದಲೇ ಗೊತ್ತುಮಾಡಿ

ಇಲ್ಲಿ ಕೆಲಸ ‘ಹಿಚ್’ ಲೆಕ್ಕದಲ್ಲಿ: ಎರಡು ವಾರ ದುಡಿದು ಒಂದು ವಾರ ಮನೆ ಎಂಬಂಥ ಏರ್ಪಾಡು. ಮಿಡ್‌ಲ್ಯಾಂಡಿನಿಂದ ಡಲ್ಲಾಸಿಗೆ ಸುಮಾರು 330 ಮೈಲಿ, ಐದು ಗಂಟೆ ದಾರಿ. ಮಿಡ್‌ಲ್ಯಾಂಡ್ ವಿಮಾನ ನಿಲ್ದಾಣದಿಂದ ಡಲ್ಲಾಸಿಗೂ ಹ್ಯೂಸ್ಟನ್ನಿಗೂ ನೇರ ವಿಮಾನಗಳಿವೆ, ಸುಮಾರು ಒಂದೂವರೆ ಗಂಟೆಯ ಪ್ರಯಾಣ. ಟಿಕೆಟ್ ದುಡ್ಡನ್ನು ಸಂಬಳದ ಲೆಕ್ಕದಲ್ಲಿ ಮೊದಲೇ ಕಳೆದಿಡಿ, ಆಗ ಕಿಸೆಗೆ ಭಾರ ಎನಿಸುವುದಿಲ್ಲ.

ಬೇಸಿಗೆಯಲ್ಲಿ ಇಲ್ಲಿ ಬೆಳಗ್ಗೆ 6 ಅಂದರೆ ಊರಿನಲ್ಲಿ ಸಂಜೆ ನಾಲ್ಕೂವರೆ. ರಾತ್ರಿ ಶಿಫ್ಟ್ ಮುಗಿಸಿದವರಿಗೆ ಅಮ್ಮನ ಜೊತೆ ಮಾತಾಡಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಯಾರ್ಡಿನಲ್ಲಿ ಕಾರು ನಿಲ್ಲಿಸಿಕೊಂಡೇ ಮಾತಾಡಿ. ದಾರಿಯಲ್ಲಿ ಬೇಡ.

ಕೊನೆಯ ಶಿಫ್ಟ್ ಮುಗಿದ ಕೂಡಲೇ ಮನೆ ಕಡೆ ಕಾರು ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ಮಗುವಿನ ಹುಟ್ಟುಹಬ್ಬವೇ ಇರಲಿ, ಹಬ್ಬವೇ ಇರಲಿ, ದಯವಿಟ್ಟು ಹಾಗೆ ಹೊರಡಬೇಡಿ. ಕ್ಯಾಂಪಿಗೆ ಹೋಗಿ ಏಳು ಗಂಟೆ ಮಲಗಿ, ಎದ್ದು ತಿಂಡಿ ತಿಂದು ಹೊರಡಿ. ನಾಳೆ ಬರುತ್ತೇನೆ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ.