ಮನೆಯ ಲೆಕ್ಕದಲ್ಲಿ ನೀರು ಮತ್ತು ವಿದ್ಯುತ್ತು: ಏಳು ಮತ್ತು ಎಂಟನೆಯ ತರಗತಿಗಳಿಗೆ ಒಂದು ಸಮನ್ವಯ ಪಾಠ

ಪೀಠಿಕೆ

ಮಿತವ್ಯಯವನ್ನು ಕುರಿತ ಪಾಠ ನಮ್ಮ ಶಾಲೆಗಳಿಗೆ ಹೊಸತಲ್ಲ. ಡಿಸೆಂಬರ್ 14ರಂದು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನವನ್ನೂ ಮಾರ್ಚ್ 22ರಂದು ವಿಶ್ವ ಜಲ ದಿನವನ್ನೂ ಆಚರಿಸುತ್ತೇವೆ. ಮಕ್ಕಳು ಭಿತ್ತಿಪತ್ರ ಬರೆಯುತ್ತಾರೆ, ಪ್ರತಿಜ್ಞೆ ಕೈಗೊಳ್ಳುತ್ತಾರೆ. ಆದರೆ ಅಂದವಾದ ಅಕ್ಷರಗಳಲ್ಲಿ ‘ದೀಪ ಆರಿಸಿರಿ, ನೀರು ಉಳಿಸಿರಿ’ ಎಂದು ಬರೆದ ವಿದ್ಯಾರ್ಥಿಯನ್ನು, ‘ನಿನ್ನ ಮನೆಯಲ್ಲಿ ಎರಡು ತಿಂಗಳಿಗೆ ಎಷ್ಟು ಯೂನಿಟ್ ವಿದ್ಯುತ್ತು ವ್ಯಯವಾಗುತ್ತದೆ? ಅದರಲ್ಲಿ ದೀಪದ ಪಾಲೆಷ್ಟು, ನೀರಿನ ಪಾಲೆಷ್ಟು?’ ಎಂದು ಕೇಳಿದರೆ ಉತ್ತರ ದೊರೆಯುವುದು ವಿರಳ. ಅಳತೆಯಿಲ್ಲದ ಉಪದೇಶ ಗೋಡೆಯ ಮೇಲೆಯೇ ಉಳಿಯುತ್ತದೆ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಈ ಪಾಠಕ್ಕೆ ಎರಡು ವಿಶೇಷ ಕಾರಣಗಳಿವೆ. ಮೊದಲನೆಯದು, ನಮ್ಮ ಬಹಳಷ್ಟು ಮನೆಗಳಿಗೆ ಸ್ವಂತ ಬಾವಿಯೋ ಕೊಳವೆಬಾವಿಯೋ ಇದೆ. ನೀರಿಗೆ ಬೇರೆ ಬಿಲ್ಲು ಬರುವುದಿಲ್ಲವಾದ್ದರಿಂದ ‘ನೀರು ಧರ್ಮಕ್ಕೆ ಸಿಗುವಂಥದು’ ಎಂಬ ಭಾವನೆ ಬೇರೂರಿದೆ. ವಾಸ್ತವದಲ್ಲಿ ಆ ನೀರನ್ನು ಎತ್ತುವ ಖರ್ಚೂ ಕಾಯಿಸುವ ಖರ್ಚೂ ವಿದ್ಯುತ್ ಬಿಲ್ಲಿನೊಳಗೆ ಅಡಗಿರುತ್ತದೆ. ಎರಡನೆಯದು, ಅನೇಕ ಮನೆಗಳಿಗೆ ಬರುವ ಬಿಲ್ಲು ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಓದುತ್ತಿರುವ ಮಗು ಆ ಕಾಗದವನ್ನು ಹಿರಿಯರಿಗೆ ಕನ್ನಡದಲ್ಲಿ ವಿವರಿಸಲು ಶಕ್ತವಾದರೆ, ಕನ್ನಡವು ಪಠ್ಯಪುಸ್ತಕದ ಭಾಷೆಯಾಗಿ ಮಾತ್ರವಲ್ಲದೆ ಮನೆಯ ವ್ಯವಹಾರದ ಭಾಷೆಯಾಗಿಯೂ ನಿಲ್ಲುತ್ತದೆ.

ಕಲಿಕೆಯ ಉದ್ದೇಶಗಳು

ಈ ಪಾಠದ ಅನಂತರ ವಿದ್ಯಾರ್ಥಿಯು,
1. ಮನೆಯ ಮೀಟರನ್ನೂ ಬಿಲ್ಲನ್ನೂ ಓದಿ ಬಳಕೆಯನ್ನು ಲೆಕ್ಕ ಹಾಕಬಲ್ಲನು;
2. ಉಪಕರಣಗಳ ಬಳಕೆಯನ್ನು ಯೂನಿಟ್‌ಗಳಲ್ಲಿ ಹೋಲಿಸಿ, ಯಾವುದರಲ್ಲಿ ಉಳಿಸಿದರೆ ಹೆಚ್ಚು ಪ್ರಯೋಜನವೆಂದು ಕ್ರಮವಾಗಿ ಜೋಡಿಸಬಲ್ಲನು;
3. ನೀರಿನ ನಷ್ಟವನ್ನು ಅಳೆದು, ಅದನ್ನು ಹಣದಲ್ಲಿಯೂ ಬೇಸಗೆಯ ದಿನಗಳ ಲೆಕ್ಕದಲ್ಲಿಯೂ ಹೇಳಬಲ್ಲನು;
4. ಕಂಡುಕೊಂಡುದನ್ನು ಶುದ್ಧ ಕನ್ನಡದಲ್ಲಿ ಒಂದು ಪುಟದ ವರದಿಯಾಗಿ ಬರೆಯಬಲ್ಲನು.

ಗಣಿತ, ಮೂಲವಿಜ್ಞಾನ, ಕನ್ನಡ ಈ ಮೂರು ವಿಷಯಗಳ ಅಧ್ಯಾಪಕರು ಕೂಡಿ ನಡೆಸಿದರೆ ಉತ್ತಮ. ತರಗತಿಯಲ್ಲಿ ನಾಲ್ಕು ಅವಧಿಗಳೂ ಮನೆಯಲ್ಲಿ ಒಂದು ವಾರದ ಅವಲೋಕನವೂ ಬೇಕು.

ಮೊದಲ ಅವಧಿ: ಬಿಲ್ಲನ್ನು ಓದುವುದು

ಹಿಂದಿನ ದಿನವೇ ಒಂದು ಹಳೆಯ ಬಿಲ್ಲನ್ನು ಸಂಪಾದಿಸಿ, ಹೆಸರು ಮತ್ತು ಗ್ರಾಹಕ ಸಂಖ್ಯೆಯನ್ನು ಮರೆಮಾಡಿ, ಅದರ ಪ್ರತಿಗಳನ್ನು ಗುಂಪುಗಳಿಗೆ ಹಂಚಿರಿ. ಹಿಂದಿನ ಅಳತೆ, ಈಗಿನ ಅಳತೆ, ಬಳಕೆ, ಸ್ಥಿರ ಶುಲ್ಕ, ವಿದ್ಯುತ್ ಶುಲ್ಕ, ಸುಂಕ, ಮೀಟರ್ ಬಾಡಿಗೆ, ಪಾವತಿಗೆ ಕೊನೆಯ ದಿನ ಎಂಬ ಪದಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಅವುಗಳಿಗೆ ಸಮನಾದ ಪದ ಬಿಲ್ಲಿನಲ್ಲಿ ಎಲ್ಲಿದೆ ಎಂದು ಗುರುತಿಸಲು ಹೇಳಿರಿ. ಮನೆಯಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ, ಮರಾಠಿ ಆಡುವ ಮಕ್ಕಳು ತಮ್ಮ ಮಾತಿನಲ್ಲಿ ಅದಕ್ಕೇನೆನ್ನುತ್ತಾರೆ ಎಂಬುದನ್ನೂ ಕೇಳಿ ಬರೆದುಕೊಳ್ಳಬಹುದು. ಹೀಗೆ ತಯಾರಾದ ಪದಪಟ್ಟಿ ತರಗತಿಯ ಆಸ್ತಿಯಾಗುತ್ತದೆ.

ಅನಂತರ ‘ಯೂನಿಟ್’ ಎಂಬುದರ ಅರ್ಥಕ್ಕೆ ಬನ್ನಿರಿ. 1,000 ವ್ಯಾಟಿನ ಉಪಕರಣ 1 ಗಂಟೆ ಕಾಲ ನಡೆದರೆ 1 ಯೂನಿಟ್. 100 ವ್ಯಾಟಿನ ಉಪಕರಣಕ್ಕೆ ಅಷ್ಟೇ ವ್ಯಯವಾಗಲು 10 ಗಂಟೆ ಬೇಕು. ಈ ಒಂದು ಅನುಪಾತವನ್ನು ಮಕ್ಕಳು ದೃಢವಾಗಿ ತಿಳಿದರೆ ಉಳಿದುದೆಲ್ಲ ಗುಣಾಕಾರ, ಭಾಗಾಕಾರ ಮಾತ್ರ.

ಎರಡನೆಯ ಅವಧಿ: ಯಾವುದು ದೊಡ್ಡ ಖರ್ಚು?

ಲೆಕ್ಕ ಹಾಕುವ ಮೊದಲು ‘ಮನೆಯಲ್ಲಿ ಹೆಚ್ಚು ವಿದ್ಯುತ್ತು ಬಳಸುವುದು ಯಾವುದು?’ ಎಂದು ಮಕ್ಕಳ ಊಹೆಯನ್ನು ಬರೆಯಿಸಿರಿ. ಹೆಚ್ಚಿನವರು ದೀಪ ಇಲ್ಲವೇ ಟೀವಿ ಎನ್ನುವ ಸಾಧ್ಯತೆಯಿದೆ, ಏಕೆಂದರೆ ಅವು ಕಣ್ಣಿಗೆ ಕಾಣುತ್ತವೆ. ಬಳಿಕ ಕೆಳಗಿನ ಅಂಶಗಳನ್ನು ಗುಂಪುಗಳೇ ಲೆಕ್ಕ ಹಾಕಲಿ. ನಮ್ಮಲ್ಲಿ ಸಾಮಾನ್ಯವಾಗಿ ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ಅವಧಿಯನ್ನು 60 ದಿನಗಳೆಂದು ಹಿಡಿಯಲಾಗಿದೆ.

• 9 ವ್ಯಾಟಿನ ಒಂದು ಎಲ್‌ಇಡಿ ದೀಪ, ದಿನಕ್ಕೆ 5 ಗಂಟೆ: 2.7 ಯೂನಿಟ್
• 60 ವ್ಯಾಟಿನ ಹಳೆಯ ತಂತಿಯ ಬಲ್ಬು, ದಿನಕ್ಕೆ 5 ಗಂಟೆ: 18 ಯೂನಿಟ್
• 75 ವ್ಯಾಟಿನ ಹಳೆಯ ಫ್ಯಾನು, ದಿನಕ್ಕೆ 10 ಗಂಟೆ: 45 ಯೂನಿಟ್
• 30 ವ್ಯಾಟಿನ ಹೊಸ ಮಾದರಿಯ (ಬಿಎಲ್‌ಡಿಸಿ) ಫ್ಯಾನು, ದಿನಕ್ಕೆ 10 ಗಂಟೆ: 18 ಯೂನಿಟ್
• 1 ಅಶ್ವಶಕ್ತಿಯ ಪಂಪು (ಗಂಟೆಗೆ ಸುಮಾರು 1 ಯೂನಿಟ್), ದಿನಕ್ಕೆ ಅರ್ಧ ಗಂಟೆ: ಸುಮಾರು 30 ಯೂನಿಟ್
• ನಾಲ್ವರ ಸ್ನಾನಕ್ಕೆ ತಲಾ 20 ಲೀಟರ್ ನೀರನ್ನು ವಿದ್ಯುತ್ತಿನಿಂದ ಕಾಯಿಸುವುದು: ಸುಮಾರು 112 ಯೂನಿಟ್

ಕೊನೆಯ ಅಂಶದ ಲೆಕ್ಕ ಅಧ್ಯಾಪಕರಿಗೆ ಹೀಗೆ ಲಭಿಸುತ್ತದೆ: 1 ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಬಿಸಿಮಾಡಲು ಸುಮಾರು 4.2 ಕಿಲೋಜೂಲ್ ಬೇಕು. 20 ಲೀಟರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ತರಲು 20 × 20 × 4.2 = 1,680 ಕಿಲೋಜೂಲ್. 1 ಯೂನಿಟ್ ಎಂದರೆ 3,600 ಕಿಲೋಜೂಲ್. ಆದುದರಿಂದ ಒಂದು ಬಾಲ್ದಿ ಬಿಸಿನೀರಿಗೆ ಸುಮಾರು 0.47 ಯೂನಿಟ್.

ಇಲ್ಲಿ ಮಕ್ಕಳನ್ನು ಸ್ವಲ್ಪ ಹೊತ್ತು ಯೋಚಿಸಲು ಬಿಡಿರಿ. ಒಂದು ಬಾಲ್ದಿ ಬಿಸಿನೀರು, ಒಂದು ಎಲ್‌ಇಡಿ ದೀಪದ ಹತ್ತು ರಾತ್ರಿಗಳ ಖರ್ಚಿಗೆ ಸಮ. ಪ್ರತಿಯೊಬ್ಬರೂ 20 ಲೀಟರಿನ ಬದಲು 15 ಲೀಟರ್ ಕಾಯಿಸಿದರೆ ಎರಡು ತಿಂಗಳಲ್ಲಿ 28 ಯೂನಿಟ್ ಉಳಿಯುತ್ತದೆ. ಹತ್ತು ಎಲ್‌ಇಡಿ ದೀಪಗಳನ್ನು ಹೊತ್ತಿಸದೆಯೇ ಇದ್ದರೂ ಉಳಿಯುವುದು 27 ಯೂನಿಟ್ ಮಾತ್ರ. ಬೇಡದ ದೀಪವನ್ನು ಆರಿಸುವುದು ಒಳ್ಳೆಯ ಅಭ್ಯಾಸವೇ. ಆದರೆ ಅದರಿಂದಲೇ ಮನೆಯ ಖರ್ಚು ತಗ್ಗಿತೆಂದು ತೃಪ್ತರಾಗುವುದು ಸರಿಯಲ್ಲವೆಂಬುದನ್ನು ಲೆಕ್ಕವೇ ಹೇಳುತ್ತದೆ.

ಅಡಿಕೆ, ತೆಂಗಿನ ತೋಟವಿರುವ ಮನೆಗಳಲ್ಲಿ ಸಿಪ್ಪೆ, ಮಡಲುಗಳಿಂದ ಬಚ್ಚಲಿನ ಹಂಡೆಯನ್ನು ಕಾಯಿಸುವ ಪದ್ಧತಿ ಇಂದಿಗೂ ಇದೆ. ಅಂಥ ಮನೆಗಳ ಮಕ್ಕಳ ಪಟ್ಟಿಯಲ್ಲಿ 112 ಯೂನಿಟ್ ಇರುವುದಿಲ್ಲ. ಆ ವ್ಯತ್ಯಾಸವನ್ನು ತರಗತಿಯಲ್ಲಿ ಚರ್ಚಿಸಿರಿ. ಹಂಡೆಗೆ ಮುಚ್ಚಳ, ಹೊಗೆ ಹೊರಹೋಗಲು ಕೊಳವೆ, ಒಣಗಿದ ಸೌದೆ ಈ ಮೂರೂ ಇದ್ದರೆ ಉರುವಲೂ ಉಳಿಯುತ್ತದೆ, ಕಣ್ಣು, ಶ್ವಾಸಕೋಶಗಳೂ ಉಳಿಯುತ್ತವೆ. ಅಡುಗೆಯ ಅನಿಲಕ್ಕೂ ಇದೇ ನ್ಯಾಯ. ಕುಚ್ಚಲಕ್ಕಿಯನ್ನು ಸ್ವಲ್ಪ ಹೊತ್ತು ಕುದಿಸಿ, ಶಾಖ ಹಿಡಿದಿಡುವ ಡಬ್ಬದಲ್ಲಿಟ್ಟು ಬೇಯಿಸುವ ಕ್ರಮ ನಮ್ಮ ಕಡೆ ಬಳಕೆಯಲ್ಲಿದೆ. ಹೊಸ ಸಿಲಿಂಡರ್ ಜೋಡಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅದು ಎಷ್ಟು ದಿನ ಬಂತೆಂದು ಎಣಿಸುವುದೇ ಅದರ ಅಳತೆ.

ಮೂರನೆಯ ಅವಧಿ: ನೀರಿನ ಬೆಲೆ

ಸೋರುವ ನಳ್ಳಿಯಿಂದ ಆರಂಭಿಸಬಹುದು. ಅದರ ಕೆಳಗೆ ಅಳತೆಯ ಪಾತ್ರೆಯನ್ನಿಟ್ಟು 10 ನಿಮಿಷಗಳಲ್ಲಿ ಎಷ್ಟು ನೀರು ಸಂಗ್ರಹವಾಯಿತೆಂದು ನೋಡಿರಿ. 200 ಮಿಲಿಲೀಟರ್ ಆದರೆ ಗಂಟೆಗೆ 1.2 ಲೀಟರ್, ದಿನಕ್ಕೆ 28.8 ಲೀಟರ್, 60 ದಿನಗಳಲ್ಲಿ 1,728 ಲೀಟರ್.

ಈ ನಷ್ಟವನ್ನು ವಿದ್ಯುತ್ತಿನಲ್ಲಿ ಲೆಕ್ಕ ಹಾಕಿದರೆ ಅದು ದೊಡ್ಡದಲ್ಲ. ತೆರೆದ ಬಾವಿಯಿಂದ ಅಷ್ಟು ನೀರನ್ನು ಟ್ಯಾಂಕಿಗೆ ಏರಿಸಲು 1 ಯೂನಿಟ್ ಕೂಡ ಬೇಕಾಗದು. ಇದನ್ನು ಮಕ್ಕಳಿಂದ ಮರೆಮಾಚಬೇಡಿರಿ. ಬದಲಾಗಿ ಇನ್ನೊಂದು ಅಳತೆಗೋಲನ್ನು ಮುಂದಿಡಿರಿ. ಜಲ ಜೀವನ ಮಿಷನ್ ಗ್ರಾಮೀಣ ಪ್ರದೇಶಕ್ಕೆ ನಿಗದಿಪಡಿಸಿದ ಪ್ರಮಾಣ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾಲ್ವರ ಮನೆಗೆ 220 ಲೀಟರ್. ಹಾಗಾದರೆ ಸೋರಿಹೋದ 1,728 ಲೀಟರ್ ಆ ಮನೆಗೆ ಸುಮಾರು ಎಂಟು ದಿನಗಳ ನೀರು. ಎಪ್ರಿಲ್ ಕೊನೆಯಲ್ಲಿ ಬಾವಿಯ ತಳ ಕಾಣುವಾಗ ಆ ಎಂಟು ದಿನಗಳ ಬೆಲೆಯೇನೆಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ.

ಪಂಪಿನ ವಿಷಯ ಬೇರೆ. ಟ್ಯಾಂಕು ತುಂಬಿ ದಿನಕ್ಕೆ 10 ನಿಮಿಷ ಉಕ್ಕಿ ಹರಿದರೆ ಎರಡು ತಿಂಗಳಲ್ಲಿ 10 ಯೂನಿಟ್ ವ್ಯರ್ಥ. ಟ್ಯಾಂಕು ತುಂಬಲು ಎಷ್ಟು ನಿಮಿಷ ಬೇಕೆಂದು ಒಮ್ಮೆ ನೋಡಿಕೊಂಡು, ಸ್ವಿಚ್ಚಿನ ಬಳಿ ಆ ಸಂಖ್ಯೆಯನ್ನು ಬರೆದಂಟಿಸುವುದೇ ಇದಕ್ಕೆ ಖರ್ಚಿಲ್ಲದ ಪರಿಹಾರ. ನೀರಿನ ಮಟ್ಟದಿಂದ ಟ್ಯಾಂಕಿಗಿರುವ ಎತ್ತರ ಇಮ್ಮಡಿಯಾದರೆ ಅಷ್ಟೇ ನೀರನ್ನು ಏರಿಸುವ ಕೆಲಸವೂ ಇಮ್ಮಡಿಯಾಗುತ್ತದೆ. ಬೇಸಗೆಯಲ್ಲಿ ಬಾವಿಯ ನೀರು ಇಳಿದಂತೆ ಪಂಪಿನ ಖರ್ಚು ಏರುವುದು ಇದರಿಂದಲೇ.

ಈ ಸಂದರ್ಭದಲ್ಲಿ ಸುರಂಗವನ್ನು ನೆನಪಿಸಿರಿ. ಬಾಯಾರು, ಎಣ್ಮಕಜೆ ಮೊದಲಾದ ಕಡೆಗಳಲ್ಲಿ ಹಿರಿಯರು ಗುಡ್ಡದ ಮುರಕಲ್ಲಿನೊಳಗೆ ಅಡ್ಡಲಾಗಿ ಸುರಂಗ ಕೊರೆದು, ಒಸರುವ ನೀರನ್ನು ಇಳಿಜಾರಿನಲ್ಲಿ ಅಂಗಳಕ್ಕೂ ತೋಟಕ್ಕೂ ತಂದರು. ಅಲ್ಲಿ ನೀರನ್ನು ಎತ್ತುವ ಕೆಲಸವೇ ಇಲ್ಲ. ಭೂಮಿಯ ಆಕರ್ಷಣೆಯೇ ಪಂಪು. ಎಲ್ಲರ ಮನೆಗೂ ಸುರಂಗ ಸಾಧ್ಯವಿಲ್ಲ. ಆದರೆ ಮಳೆಗಾಲದ ನೀರನ್ನು ನೆಲದೊಳಗೆ ಇಳಿಸುವುದು ಹಲವರಿಗೆ ಸಾಧ್ಯ. 1 ಚದರ ಮೀಟರಿನ ಮೇಲೆ 1 ಮಿಲಿಮೀಟರ್ ಮಳೆ ಎಂದರೆ 1 ಲೀಟರ್. 100 ಚದರ ಮೀಟರಿನ ಮಾಡಿನ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ 1,000 ಲೀಟರ್. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾಗುತ್ತದೆ. ಉಳಿದ ಗುಣಾಕಾರವನ್ನು ಮಕ್ಕಳೇ ಮಾಡಲಿ.

ನಾಲ್ಕನೆಯ ಅವಧಿ: ಮೆಟ್ಟಿಲು ದರ

ವಿದ್ಯುತ್ ದರಗಳು ಕಾಲಕಾಲಕ್ಕೆ ಬದಲಾಗುವುದರಿಂದ ತರಗತಿಯಲ್ಲಿ ಕಲ್ಪಿತ ದರವನ್ನೇ ಬಳಸಿರಿ. ಮೊದಲ 100 ಯೂನಿಟ್‌ಗೆ ತಲಾ 4 ರೂಪಾಯಿ, ಮುಂದಿನ 100ಕ್ಕೆ 6 ರೂಪಾಯಿ, ಅದರಾಚೆಗೆ 8 ರೂಪಾಯಿ ಎಂದಿರಲಿ. 220 ಯೂನಿಟ್‌ಗೆ 400 + 600 + 160 = 1,160 ರೂಪಾಯಿ. ಬಿಸಿನೀರಿನಲ್ಲಿ ಉಳಿಸಿದ 28 ಯೂನಿಟ್ ಕಳೆದರೆ 192 ಯೂನಿಟ್; ಶುಲ್ಕ 400 + 552 = 952 ರೂಪಾಯಿ. ಉಳಿತಾಯ 208 ರೂಪಾಯಿ. ಸರಾಸರಿ ದರದಲ್ಲಿ ಲೆಕ್ಕ ಹಾಕಿದ್ದರೆ ಸುಮಾರು 148 ರೂಪಾಯಿ ಎಂದಾಗುತ್ತಿತ್ತು. ನಾವು ಉಳಿಸುವ ಯೂನಿಟ್ ಯಾವಾಗಲೂ ಮೇಲಿನ ಮೆಟ್ಟಿಲಿನದು, ಅತಿ ದುಬಾರಿಯದು ಎಂಬುದೇ ಇದರ ಸಾರ.

ಕೇರಳದ ಗೃಹಬಳಕೆಯ ದರದಲ್ಲಿ ಇನ್ನೊಂದು ಮಿತಿಯಿದೆ. ಬಳಕೆ ತಿಂಗಳಿಗೆ 250 ಯೂನಿಟ್ ಮೀರಿದರೆ ಮೆಟ್ಟಿಲುಗಳ ರಿಯಾಯಿತಿ ತಪ್ಪಿ, ಮೊದಲ ಯೂನಿಟ್‌ನಿಂದಲೇ ಒಂದೇ ಹೆಚ್ಚಿನ ದರ ಅನ್ವಯವಾಗುತ್ತದೆ. ಎರಡು ತಿಂಗಳ ಬಿಲ್ಲಿನಲ್ಲಿ ಈ ಗಡಿ 500 ಯೂನಿಟ್. ಗಡಿಯ ಸಮೀಪವಿರುವ ಮನೆಗೆ ಹತ್ತಿಪ್ಪತ್ತು ಯೂನಿಟ್‌ಗಳ ಎಚ್ಚರವೂ ದೊಡ್ಡ ಲಾಭ ತರುತ್ತದೆ.

ಅಧ್ಯಾಪಕರ ಗಮನಕ್ಕೆ

ಮನೆಯ ಬಿಲ್ಲು ಮನೆಯ ಗುಟ್ಟು. ಯಾವ ಮಗುವಿನಿಂದಲೂ ಮೊತ್ತವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಬೇಡಿರಿ. ಬಿಲ್ಲು ತರಲು ಒಲ್ಲದ ಮಗುವಿಗೆ ತರಗತಿಯ ಮಾದರಿ ಬಿಲ್ಲೇ ಸಾಕು. ಎರಡು ದೀಪ, ಒಂದು ಫ್ಯಾನು ಮಾತ್ರವಿರುವ ಮನೆಗೆ ‘ಇನ್ನೂ ಉಳಿಸು’ ಎಂದು ಬೋಧಿಸುವುದು ನ್ಯಾಯವಲ್ಲ. ಆ ಮನೆ ಈಗಾಗಲೇ ಮಿತವಾಗಿ ಬದುಕುತ್ತಿದೆ. ಅಂಥಲ್ಲಿ ಪಾಠದ ಪ್ರಯೋಜನ, ಬಿಲ್ಲಿನ ಲೆಕ್ಕ ಸರಿಯಿದೆಯೇ ಎಂದು ಪರಿಶೀಲಿಸುವ ಶಕ್ತಿ.

ಅವಲೋಕನಕ್ಕೆಂದು ಮಕ್ಕಳು ಪಂಪಿನ ಸ್ವಿಚ್ಚನ್ನೂ ನೀರು ಕಾಯಿಸುವ ಸಲಾಕೆಯನ್ನೂ ಮುಟ್ಟದಂತೆ, ಬಾವಿಕಟ್ಟೆಯ ಮೇಲೆ ಹತ್ತದಂತೆ, ಸುರಂಗದೊಳಗೆ ಹೋಗದಂತೆ ಮೊದಲೇ ಸ್ಪಷ್ಟವಾಗಿ ಹೇಳಿರಿ. ಮೀಟರನ್ನು ನೋಡಿ ಬರೆದುಕೊಂಡರೆ ಸಾಕು.

ಮನೆಗೆಲಸ ಮತ್ತು ಮೌಲ್ಯಮಾಪನ

ಏಳು ದಿನ ಒಂದೇ ಹೊತ್ತಿಗೆ ಮೀಟರಿನ ಅಂಕಿಯನ್ನು ಬರೆದು, ಪ್ರತಿದಿನದ ಬಳಕೆಯನ್ನು ಕಂಡುಹಿಡಿದು, ಸ್ತಂಭಾಲೇಖ ರಚಿಸಲಿ. ಬಳಕೆ ಹೆಚ್ಚಿದ ದಿನಕ್ಕೆ ಕಾರಣವನ್ನು ಮನೆಯವರಲ್ಲಿ ಕೇಳಿ ಬರೆಯಲಿ. ಕೊನೆಗೆ ಒಂದು ಪುಟದ ವರದಿ: ನಮ್ಮ ಮನೆಯಲ್ಲಿ ದೊಡ್ಡ ಖರ್ಚು ಯಾವುದು, ಹಣ ಹಾಕದೆ ಮಾಡಬಹುದಾದ ಒಂದು ಬದಲಾವಣೆ ಯಾವುದು, ಅದರಿಂದ 60 ದಿನಗಳಲ್ಲಿ ಎಷ್ಟು ಯೂನಿಟ್ ಉಳಿಯಬಹುದು?

ಮೌಲ್ಯಮಾಪನದಲ್ಲಿ ಎಷ್ಟು ಉಳಿಸಿದರೆಂಬುದಕ್ಕೆ ಅಂಕವಿಲ್ಲ. ಅಳತೆಯ ನಿಖರತೆ, ಲೆಕ್ಕದ ಕ್ರಮ, ಕಾರಣವನ್ನು ಹೇಳುವ ರೀತಿ, ಕನ್ನಡ ಪದಗಳ ಸರಿಯಾದ ಬಳಕೆ ಈ ನಾಲ್ಕನ್ನು ಮಾತ್ರ ಪರಿಗಣಿಸಿರಿ. ಎರಡು ತಿಂಗಳ ಅನಂತರ ಹೊಸ ಬಿಲ್ಲು ಬಂದಾಗ ಅರ್ಧ ಅವಧಿಯನ್ನು ಮೀಸಲಿಟ್ಟು, ವರದಿಯಲ್ಲಿ ಊಹಿಸಿದ ಸಂಖ್ಯೆಯನ್ನು ನಿಜವಾದ ಬಳಕೆಯೊಡನೆ ಹೋಲಿಸಿರಿ. ಊಹೆ ತಪ್ಪಿದ್ದರೆ ಏಕೆ ತಪ್ಪಿತೆಂಬ ಚರ್ಚೆಯೇ ಆ ದಿನದ ಪಾಠ.